ಕೂಪೆಗೆ ಇಳಿಯುವುದು

ಕೂಪೆ ಅಂದರೆ ನನಗೆ ಮೊದಲು ನೆನಪಾಗುತ್ತಿದ್ದದ್ದು ರೈಲು. ಫಸ್ಟ್ ಕ್ಲಾಸ್ ಬೋಗಿಯಲ್ಲಿ ಇಬ್ಬರಿಗಷ್ಟೇ ಇರುವ ಪುಟ್ಟ ರೂಮು. ನಾವು ಯಾವತ್ತೂ ಅದರಲ್ಲಿ ಹೋದವರಲ್ಲ. ಸ್ಲೀಪರ್ ಹತ್ತಲು ಓಡುವಾಗ ಪ್ಲಾಟ್‌ಫಾರ್ಮಿನಿಂದ ಇಣುಕಿ ನೋಡಿದ್ದಷ್ಟೇ. ಅಮೆರಿಕಕ್ಕೆ ಬಂದ ಮೇಲೆ ಕಾರಿನಲ್ಲೂ ಕೂಪೆ ಇದೆ, ಎರಡೇ ಬಾಗಿಲಿನ ತಗ್ಗು ಕಾರು, ಅಂತ ಗೊತ್ತಾಯಿತು. ಎರಡೂ ಒಂದೇ ಫ್ರೆಂಚ್ ಪದ. ಕತ್ತರಿಸಿದ್ದು ಅಂತ ಅರ್ಥ. ಒಂದು ಕಾಲದಲ್ಲಿ ಕುದುರೆ ಸಾರೋಟಿನ ಒಂದು ಸಾಲು ಸೀಟು ಕತ್ತರಿಸಿ ಗಿಡ್ಡ ಮಾಡಿದಾಗ ಬಂದ ಹೆಸರಂತೆ. ಇಲ್ಲಿನವರು ಆ ಹೆಸರಿನ ಬಾಲವನ್ನೂ ಕತ್ತರಿಸಿ 'ಕೂಪ್' ಅನ್ನುತ್ತಾರೆ.

ನಾನು ನೋಡಲು ಹೋದದ್ದು ಟೊಯೋಟಾದ ಜಿಆರ್ 86. ಟೊಯೋಟಾ ಮತ್ತು ಸುಬಾರು ಸೇರಿ ಮಾಡಿದ ಕಾರು. 2012ರಲ್ಲಿ ಅಮೆರಿಕಕ್ಕೆ ಬಂದಾಗ ಇದಕ್ಕೆ ಸಯಾನ್ ಎಫ್‌ಆರ್-ಎಸ್ ಅಂತ ಹೆಸರಿತ್ತು. 2016ರಲ್ಲಿ ಟೊಯೋಟಾದ ಸಯಾನ್ ಅನ್ನುವ ಬ್ರ್ಯಾಂಡೇ ಮುಚ್ಚಿತು, ಕಾರು ಮಾತ್ರ 86 ಆಗಿ ಉಳಿಯಿತು. 2022ರ ಮಾದರಿಗೆ ಎಂಜಿನ್ 2.4 ಲೀಟರಿಗೆ ಬೆಳೆದು 228 ಕುದುರೆಗಳು ಬಂದವು. ಆಗ ಆರಂಭದ ಬೆಲೆ 28 ಸಾವಿರ ಡಾಲರಿಗೆ ಒಂದು ಚೂರು ಕಮ್ಮಿ. ಸ್ಪೋರ್ಟ್ಸ್ ಕಾರಿನ ಲೆಕ್ಕದಲ್ಲಿ ಇದು ಬಡವರ ಮನೆ ಹೋಳಿಗೆ.

ಮೊದಲ ಪರೀಕ್ಷೆ ಕೂರುವುದು. ನಮ್ಮ ಕಡೆ ಕಾರು ಹತ್ತುತ್ತೇವೆ ಅನ್ನುತ್ತೇವೆ. ಇದಕ್ಕೆ ಹತ್ತುವುದಲ್ಲ, ಇಳಿಯಬೇಕು. ಮೊದಲು ತಲೆ ತಗ್ಗಿಸಿ, ಸೊಂಟ ಇಳಿಸಿ, ಆಮೇಲೆ ದೇವರ ಮೇಲೆ ಭಾರ ಹಾಕಿ ಕೂರಬೇಕು. ಒಳಗೆ ಕೂತಾಗ ಪಕ್ಕದ ಪಿಕಪ್ ಟ್ರಕ್ಕಿನ ಗಾಲಿಯ ನಟ್ಟುಗಳು ಕಣ್ಣೆತ್ತರಕ್ಕೆ ಕಂಡವು. ಇವರು ಕೂಪ್ ಅನ್ನುವುದು ನಮ್ಮ ಕೂಪವೇ ಇರಬೇಕು ಅನ್ನಿಸಿತು. ನಾನು ಬಾವಿ ಕಪ್ಪೆ.

ಆದರೆ ಕ್ಲಚ್ ಒತ್ತಿದ ಮೇಲೆ ಕಪ್ಪೆಗೆ ಜೀವ ಬಂತು. ಇಲ್ಲಿ ಗೇರಿನ ಕಾರು ಓಡಿಸುವವರು ಅಪರೂಪ. ಮಾರುತಿ 800ರಲ್ಲಿ ಕಲಿತ ನನ್ನ ಎಡಗಾಲು ಹತ್ತು ವರ್ಷದಿಂದ ಸುಮ್ನೆ ಕೂತು ಸಂಬಳ ತಗೊಳ್ಳುತ್ತಿತ್ತು. ಎರಡು ಸಲ ಎಂಜಿನ್ ಆಫ್ ಆಯಿತು. ಪಕ್ಕದಲ್ಲಿದ್ದ ಸೇಲ್ಸ್ ಹುಡುಗ ಕಿಟಕಿಯ ಆಚೆ ನೋಡಿದ. ಮೂರನೇ ಸಲ ಕಾರು ಹೊರಟಿತು.

ಇದರ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳು ನಿಂತಿಲ್ಲ, ಆಚೆಗೆರಡು ಈಚೆಗೆರಡು ಮಲಗಿವೆ. ಹಾಗಾಗಿ ಭಾರವೆಲ್ಲ ಕೆಳಗೆ. ತಳ್ಳುವುದು ಹಿಂದಿನ ಗಾಲಿ, ತಿರುಗುವುದು ಮುಂದಿನದು. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಕೈ ಹಾಕುವುದಿಲ್ಲ. ಹೈವೇಗೆ ಸೇರುವ ಸುತ್ತು ರಸ್ತೆಯಲ್ಲಿ ನಮ್ಮ ಮಿನಿವ್ಯಾನ್ ಜಾತ್ರೆಯ ತೇರಿನ ಹಾಗೆ ವಾಲುತ್ತದೆ. ಇದು ವಾಲಲೇ ಇಲ್ಲ. ಸ್ಟೀರಿಂಗನ್ನು ಬೆರಳಷ್ಟು ತಿರುಗಿಸಿದರೆ ಸಾಕು, ಅಷ್ಟೇ ತಿರುಗಿತು. ವೇಗ ನೋಡಿದರೆ ಗಂಟೆಗೆ ಬರೀ 35 ಮೈಲಿ. ಮುಖದಲ್ಲಿ ಮಾತ್ರ 90ರ ನಗು. ಪೊಲೀಸರ ಕೈಗೆ ಸಿಗದೆ ಇಷ್ಟು ಖುಷಿ ಕೊಡುವುದಿದೆಯಲ್ಲ, ದಿನಾ ಓಡಿಸುವ ಕಾರಿಗೆ ಅದಕ್ಕಿಂತ ದೊಡ್ಡ ಗುಣ ಬೇಕಾ?

ಎಂಜಿನ್ನಿನ ಗುಡುಗೂ ಚೆನ್ನಾಗಿತ್ತು. ಅದರಲ್ಲಿ ಒಂದು ಪಾಲು ಸ್ಪೀಕರಿನಿಂದ ಬರುತ್ತದೆ ಅಂತ ಆಮೇಲೆ ತಿಳಿಯಿತು. ಹಿನ್ನೆಲೆ ಗಾಯನ! ಬೇಜಾರೇನೂ ಆಗಲಿಲ್ಲ. ನಮ್ಮ ನಾಯಕರು ಹಾಡುತ್ತಿದ್ದದ್ದೂ ಹಾಗೇ ಅಲ್ವಾ.

ಮನೆಗೆ ಬಂದು ವರದಿ ಒಪ್ಪಿಸಿದೆ. ಹೆಂಡತಿ ಕೇಳಿದ ಮೊದಲ ಪ್ರಶ್ನೆ, "ಹಿಂದೆ ಯಾರು ಕೂರ್ತಾರ್ರೀ?"

ಹಿಂದೆ ಎರಡು ಸೀಟು ಇವೆ ಅಂತ ಕಂಪನಿ ಹೇಳುತ್ತದೆ. ಬೆಲ್ಟೂ ಇದೆ. ಕಾಲು ಇರುವವರು ಕೂರಬಾರದು ಅಷ್ಟೇ. ಆರು ವರ್ಷದ ಮಗಳನ್ನು ಕೂರಿಸಬಹುದು, ಅವಳ ಮುಂದೆ ಕೂರುವವರು ಡ್ಯಾಶ್‌ಬೋರ್ಡಿಗೆ ಮುತ್ತು ಕೊಡಲು ತಯಾರಿದ್ದರೆ. ಡಿಕ್ಕಿ ಸುಮಾರು 180 ಲೀಟರ್. ಇಲ್ಲಿ ನಮ್ಮವರ ಅಂಗಡಿಗಳಿರುವ ಓಕ್ ಟ್ರೀ ರೋಡಿನಿಂದ ತರುವ ಸೋನಾ ಮಸೂರಿ ಮೂಟೆ, ತರಕಾರಿ, ಒಂದು ಡಬ್ಬ ತುಪ್ಪ ಹಿಡಿಸುತ್ತದೆ. ಊರಿನಿಂದ ಬರುವ 23 ಕಿಲೋ ಸೂಟ್‌ಕೇಸಿನ ಮಾತು ಎತ್ತಬಾರದು. ಹಿಂದಿನ ಸೀಟು ಮಡಚಿದರೆ ನಾಲ್ಕು ಟೈರು ಇಡಬಹುದಂತೆ. ರೇಸ್ ಟ್ರ್ಯಾಕಿಗೆ ಬೇರೆ ಟೈರು ಒಯ್ಯುವವರಿಗೆ ಅಂತ ಮಾಡಿದ ಅನುಕೂಲ. ನಮಗೂ ಟೈರು ಬೇಕೇ ಬೇಕು, ಆದರೆ ಹಿಮಕ್ಕೆ. ನ್ಯೂಜೆರ್ಸಿಯ ಜನವರಿಯಲ್ಲಿ ಹಿಂದಿನ ಗಾಲಿಯಿಂದ ಓಡುವ ಹಗುರ ಕಾರನ್ನು ಬೇಸಿಗೆ ಟೈರಿನ ಮೇಲೆ ಬಿಡುವುದು ಎಣ್ಣೆ ಸುರಿದ ನೆಲದ ಮೇಲೆ ಮಗು ಬಿಟ್ಟ ಹಾಗೆ.

ಮೈಲೇಜು? ಸಿಟಿ, ಹೈವೇ ಸೇರಿಸಿದರೆ ಗ್ಯಾಲನ್ನಿಗೆ 22 ಮೈಲಿಯ ಆಸುಪಾಸು. ನಮ್ಮ ಲೆಕ್ಕಕ್ಕೆ ಲೀಟರಿಗೆ ಒಂಬತ್ತು ಕಿಲೋಮೀಟರ್ ಚಿಲ್ಲರೆ. ಅದೂ ಪ್ರೀಮಿಯಂ ಪೆಟ್ರೋಲೇ ಕುಡಿಯಬೇಕು. ಈ ಅಂಕಿಯನ್ನು ಊರಿಗೆ ಫೋನಿನಲ್ಲಿ ಹೇಳುವ ಧೈರ್ಯ ನನಗಿಲ್ಲ.

ಆದರೆ ನಾನೂ ಒಂದು ಲೆಕ್ಕ ಹಾಕಿದೆ. ಸೋಮವಾರದಿಂದ ಶುಕ್ರವಾರದವರೆಗೆ ಮೆಟ್ರೋಪಾರ್ಕ್ ಸ್ಟೇಷನ್ನಿಗೆ ಐದಾರು ಮೈಲಿ ಹೋಗುವವನು ನಾನೊಬ್ಬನೇ. ಎಂಟು ಸೀಟಿನ ವ್ಯಾನಿನಲ್ಲಿ ಏಳು ಖಾಲಿ ಸೀಟನ್ನು ದಿನಾ ರೈಲು ನಿಲ್ದಾಣ ತೋರಿಸಿ ಕರೆದುಕೊಂಡು ಬರುತ್ತೇನೆ. ಯಾಕೆ? ವರ್ಷಕ್ಕೊಮ್ಮೆ ಅಮ್ಮ ಅಪ್ಪ ಬರುತ್ತಾರೆ ಅಂತ. ಯುಗಾದಿಗೆ ಸ್ನೇಹಿತರನ್ನೆಲ್ಲ ತುಂಬಿಕೊಂಡು ಹೋಗಬೇಕು ಅಂತ. ನಾವು ಕಾರು ಕೊಳ್ಳುವುದು ದಿನಕ್ಕಲ್ಲ, ಹಬ್ಬಕ್ಕೆ. ಇದೇ ಟೊಯೋಟಾ ನಮ್ಮ ಬಿಡದಿಯಲ್ಲಿ ಇನ್ನೋವಾ ಮಾಡುತ್ತದೆ. ಏಳೆಂಟು ಸೀಟು ಅಂತ ಕಾಗದದಲ್ಲಿ ಬರೆದಿರುತ್ತಾರೆ. ಧರ್ಮಸ್ಥಳದ ದಾರಿಯಲ್ಲಿ ಹನ್ನೊಂದು ಜನ ಇಳಿದದ್ದನ್ನು ನಾನು ನೋಡಿದ್ದೇನೆ.

ಹೆಂಡತಿಗೆ ಲೆಕ್ಕ ಹಿಡಿಸಿತು. ವ್ಯಾನ್ ಹೇಗೂ ಇರುತ್ತದೆ, ಇದು ಎರಡನೆಯದು. "ನೋಡಿ, ನಿಮ್ಮ ಇಷ್ಟ" ಅಂದಳು. ಇದು ಒಪ್ಪಿಗೆಯಾ ಎಚ್ಚರಿಕೆಯಾ ಅನ್ನುವುದು ಮದುವೆಯಾಗಿ ಹನ್ನೆರಡು ವರ್ಷವಾದರೂ ನನಗೆ ತಿಳಿಯುವುದಿಲ್ಲ.

ಭಾನುವಾರ ವಿಡಿಯೋ ಕಾಲ್‌ನಲ್ಲಿ ಫೋಟೋ ತೋರಿಸಿದೆ. ಅಪ್ಪ ಕನ್ನಡಕ ಏರಿಸಿ, "ಕೆಂಪು ಚೆನ್ನಾಗಿದೆ ಕಣೋ" ಅಂದರು. ಅಮ್ಮ ಫೋನನ್ನು ಹತ್ತಿರ ಹಿಡಿದು ತುಂಬಾ ಹೊತ್ತು ನೋಡಿದಳು.

"ಎರಡೇ ಬಾಗಿಲೇನೋ ಇದಕ್ಕೆ?"

"ಹೂಂ ಅಮ್ಮ."

"ಯಾಕೋ, ದುಡ್ಡು ಸಾಲಲಿಲ್ವಾ? ಬೇಕಾದ್ರೆ ಅಪ್ಪನ ಎಫ್‌ಡಿ ಮುರಿಸ್ತೀನಿ."

ಅವರ ಟಿಕೆಟ್ ಮೇ ತಿಂಗಳಿಗೆ ಬುಕ್ ಆಗಿದೆ. ಅಷ್ಟರೊಳಗೆ ಇನ್ನೊಂದು ಸಲ ಹೋಗಿ ಓಡಿಸಿ ನೋಡೋಣ ಅಂತಿದ್ದೇನೆ. ಟೆಸ್ಟ್ ಡ್ರೈವಿಗೆ ದುಡ್ಡಿಲ್ಲ ಅಲ್ವಾ. ಈ ಸಲ ಕ್ಲಚ್ ಮೇಲೆ ಎಡಗಾಲು ಅಷ್ಟು ತಡವರಿಸಲಿಕ್ಕಿಲ್ಲ.