ಮಾರುತ್ ನಮ್ಮೂರಿನ ವಿಮಾನ

ಭಾನುವಾರ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋಗಿದ್ದೆ. ಆರು ತಿಂಗಳಿಂದ ಮನೆಯಲ್ಲಿ ಮಾರುತ್ ಯುದ್ಧವಿಮಾನದ ಮಾಡೆಲ್ ಕಟ್ಟುತ್ತಿದ್ದೇನೆ. ಬಾಲದ ಹತ್ತಿರ ಒಂದು ಕಡೆ ಫೋಟೋಗಳಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ. ಆವರಣದಲ್ಲಿ ನಿಜವಾದ ವಿಮಾನವೇ ಇದೆಯಲ್ಲ, ಹೋಗಿ ನೋಡಿಬಿಡೋಣ ಅಂದುಕೊಂಡೆ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುತ್ತಾ ನಿಂತಿದ್ದಾಗ ಪಕ್ಕದಲ್ಲಿ ಒಬ್ಬರು ಮಗನಿಗೆ ಹೇಳಿದರು: "ಇದು ಯುದ್ಧದಲ್ಲಿ ಪಾಕಿಸ್ತಾನದಿಂದ ಹಿಡ್ಕೊಂಡು ಬಂದಿದ್ದು ಪುಟ್ಟಾ." ಹುಡುಗ ಕಣ್ಣರಳಿಸಿ ನೋಡಿದ. ಫೋಟೋ ತೆಗೆದುಕೊಂಡರು, ಹೋದರು.

ಮೈಯೆಲ್ಲ ಉರಿದುಹೋಯಿತು.

ಪಾಕಿಸ್ತಾನದ್ದಲ್ಲ ಸ್ವಾಮಿ. ರಷ್ಯಾದ್ದೂ ಅಲ್ಲ. ನಮ್ಮ ಬೆಂಗಳೂರಿನದು. ಇಲ್ಲಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನಲ್ಲಿ ಹುಟ್ಟಿದ್ದು, ಎಚ್‌ಎಎಲ್‌ನಲ್ಲೇ ಬೆಳೆದಿದ್ದು. ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಇಲ್ಲಿಗೆ ಬಂದು, ನಮ್ಮವರನ್ನು ಕಟ್ಟಿಕೊಂಡು ವಿನ್ಯಾಸ ಮಾಡಿದರು. ಮೊದಲು ಅದೇ ಅಳತೆಯ, ಎಂಜಿನ್ ಇಲ್ಲದ ಮರದ ಗ್ಲೈಡರ್ ಮಾಡಿ 1959ರಲ್ಲಿ ಹಾರಿಸಿದರು. 1961ರ ಜೂನ್ 17ರಂದು ಮಾರುತ್ ತನ್ನ ಸ್ವಂತ ಎಂಜಿನ್‌ಗಳ ಬಲದಲ್ಲಿ ಇದೇ ಊರಿನ ಆಕಾಶಕ್ಕೆ ಏರಿತು. ಹಾರಿಸಿದವರು ಸುರಂಜನ್ ದಾಸ್. 1970ರಲ್ಲಿ ಮಾರುತ್‌ನ ಪರೀಕ್ಷಾ ಹಾರಾಟದಲ್ಲೇ ಅವರು ತೀರಿಕೊಂಡರು. ಸುರಂಜನ್ ದಾಸ್ ರಸ್ತೆ ಅಂದರೆ ನಮಗೆ ನೆನಪಾಗುವುದು ಟ್ರಾಫಿಕ್ ಮಾತ್ರ. ದಿನಾ ಆ ಬೋರ್ಡಿನ ಕೆಳಗೆ ಗಾಡಿ ನಿಲ್ಲಿಸಿಕೊಂಡು ಕಾಯುತ್ತೇವೆ, ಈ ಮನುಷ್ಯ ಯಾರು ಅಂತ ಒಮ್ಮೆಯೂ ಕೇಳುವುದಿಲ್ಲ.

ಮಾಡೆಲ್ ಅಂಗಡಿಗಳಲ್ಲೂ ಇದೇ ಕಥೆ. ಸ್ಪಿಟ್‌ಫೈರ್ ಕೇಳಿ, ಸಿಗುತ್ತದೆ. ಎಫ್-16, ಮಿಗ್-21 ಎಲ್ಲ ಡಬ್ಬಿಗಳಲ್ಲಿ ಕೂತಿವೆ. ನಾನು ಹೋಗುವ ಅಂಗಡಿಗಳಲ್ಲಿ ಮಾರುತ್ ಕಿಟ್ ಮಾತ್ರ ಒಂದು ದಿನವೂ ಕಂಡಿಲ್ಲ. ಅದಕ್ಕೇ ಪ್ಲಾಸ್ಟಿಕ್ ಶೀಟ್ ಕತ್ತರಿಸಿ, ಪುಟ್ಟಿ ತುಂಬಿ, ಮೊದಲಿಂದ ಕೈಯಲ್ಲೇ ಕಟ್ಟುತ್ತಿದ್ದೇನೆ. 72ರಲ್ಲಿ ಒಂದರಷ್ಟು ಅಳತೆ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ನಿಜವಾದದ್ದು 9 ಮೀಟರ್, ನನ್ನದು ಹನ್ನೆರಡೂವರೆ ಸೆಂಟಿಮೀಟರ್. ಉದ್ದ 22 ಸೆಂಟಿಮೀಟರ್. ಅಂಗೈ ಮೇಲೆ ಇಡಬಹುದು.

ಮಾರುತ್‌ನ ಸೊಂಟ ನೋಡಿದ್ದೀರಾ? ರೆಕ್ಕೆ ಸೇರುವ ಜಾಗದಲ್ಲಿ ಮೈ ಒಳಕ್ಕೆ ಹೋಗುತ್ತದೆ. ಶಬ್ದದ ವೇಗದ ಹತ್ತಿರ ಗಾಳಿಯ ತಡೆ ಕಡಿಮೆ ಆಗಲಿ ಅಂತ ಹಾಗೆ ಮಾಡಿದ್ದು. ಆ ಒಂದು ಬಾಗು ಬರಿಸಲು ನನಗೆ ಮೂರು ವಾರ ಹಿಡಿಯಿತು. 400ರ ನೀರಿನ ಉಜ್ಜುಕಾಗದದಿಂದ ಶುರು ಮಾಡಿ 800, 1000, ಕೊನೆಗೆ 2000. ಕಣ್ಣಿಗೆ ನಯವಾಗಿಯೇ ಕಾಣುತ್ತಿತ್ತು. ಅಡಿಬಣ್ಣವಾಗಿ ಬೂದು ಪ್ರೈಮರ್ ಹೊಡೆದ ಕೂಡಲೇ ಮುಚ್ಚಿಹೋಗಿದ್ದ ಗೀರೆಲ್ಲ ಎದ್ದು ನಿಂತವು. ಮತ್ತೆ ಪುಟ್ಟಿ, ಮತ್ತೆ ಉಜ್ಜು. ನಾಲ್ಕು ಸಲ. ಮೂಗಿನ ಭಾಗದಲ್ಲಿ ನಾಲ್ಕು ಗನ್. ಗುಂಡಿನ ಅಳತೆ 30 ಮಿಲಿಮೀಟರ್, 72ರಿಂದ ಭಾಗಿಸಿದರೆ ಅರ್ಧ ಮಿಲಿಮೀಟರ್ ಕೂಡ ಬರುವುದಿಲ್ಲ. ಸಿರಿಂಜಿನ ಸೂಜಿ ಕತ್ತರಿಸಿ ಕೂರಿಸಿದೆ.

ಬಣ್ಣದ ಕೆಲಸ ಇನ್ನೂ ಸೂಕ್ಷ್ಮ. ಬಣ್ಣ ಸಿಂಪಡಿಸುವ ಏರ್‌ಬ್ರಷ್‌ಗೆ ಬಣ್ಣ ಹಾಲಿನಷ್ಟು ತೆಳುವಾಗಿರಬೇಕು. ಗಟ್ಟಿಯಾದರೆ ಮೈ ತುಂಬ ಧೂಳು ಕೂತ ಹಾಗೆ ತರಿತರಿ, ತೆಳುವಾದರೆ ಇಳಿದುಬಿಡುತ್ತದೆ. ಮೊದಲು ಹೊಟ್ಟೆಯ ಕಡೆ ತಿಳಿ ಬಣ್ಣ. ಅದು ಪೂರ್ತಿ ಒಣಗಿದ ಮೇಲೆ ಟೇಪ್ ಹಚ್ಚಿ ಮೇಲ್ಗಡೆ ಕಂದು, ಆಮೇಲೆ ಹಸಿರು. ಮಳೆ ಹಿಡಿದ ವಾರ ಅವಸರಪಟ್ಟೆ. ಟೇಪಿನ ಜೊತೆ ಎಡ ರೆಕ್ಕೆಯ ಬಣ್ಣವೂ ಕಿತ್ತುಕೊಂಡು ಬಂತು. ಅಷ್ಟನ್ನೂ ಕೆರೆದು ಮತ್ತೆ ಹೊಡೆದೆ. ನಮ್ಮೂರಿನ ವಿಮಾನಕ್ಕೆ ಅಷ್ಟು ಮಾಡಲೇಬೇಕು.

ಈ ಮಾತು ಎತ್ತಿದಾಗಲೆಲ್ಲ ಯಾರಾದರೂ ಒಬ್ಬರು ಹೇಳುತ್ತಾರೆ, "ಅದು ಫೇಲ್ ಆದ ವಿಮಾನ ಅಲ್ವಾ?" ವೇಗ ಸಾಲಲಿಲ್ಲ, ನಿಜ. ಆದರೆ ಅದನ್ನು ರೂಪಿಸಿದ್ದು ಹೆಚ್ಚು ಶಕ್ತಿಯ ಓರ್ಫಿಯಸ್ ಎಂಜಿನ್‌ಗೆ. ಬ್ರಿಟನ್ನಿನಲ್ಲಿ ಆ ಎಂಜಿನ್ ಕೆಲಸ ನಿಂತುಹೋಯಿತು. ಕೊನೆಗೆ ಕೈಗೆ ಸಿಕ್ಕಿದ್ದು ಓರ್ಫಿಯಸ್ 703, ಅದಕ್ಕೆ ಹಿಂದುಗಡೆ ಮತ್ತೆ ಇಂಧನ ಸುಟ್ಟು ಹೆಚ್ಚು ಬಲ ಕೊಡುವ ಆಫ್ಟರ್‌ಬರ್ನರ್ ಇಲ್ಲ. ಮೈಯ ತಪ್ಪು ಏನಿದೆ ಅದರಲ್ಲಿ? ಅದೇ ಎಂಜಿನ್ ಇಟ್ಟುಕೊಂಡೇ 1971ರಲ್ಲಿ ಮಾರುತ್ ರಾಜಸ್ಥಾನದ ಗಡಿಯಲ್ಲಿ ಯುದ್ಧ ಮಾಡಿತು. ಒಂದು ಎಂಜಿನ್‌ಗೆ ಏಟು ಬಿದ್ದರೂ ಇನ್ನೊಂದರಲ್ಲೇ ಪೈಲಟ್‌ಗಳನ್ನು ಮನೆಗೆ ತಂದಿತು. ಒಟ್ಟು 147 ಮಾರುತ್‌ಗಳನ್ನು ಇಲ್ಲಿ ಕಟ್ಟಿದರು. ಸುಮ್ನೆ ಫೇಲ್ ಅಂದು ಕೈ ತೊಳೆದುಕೊಳ್ಳುವವರ ಜೊತೆ ನನಗೆ ಜಾಸ್ತಿ ಮಾತಿಲ್ಲ.

ಒಂದು ವಿಷಯ ಹೇಳಿಬಿಡುತ್ತೇನೆ. ಭಾನುವಾರ ಆ ತಂದೆಗೆ ನಾನು ಏನೂ ಹೇಳಲಿಲ್ಲ. ಮಗನ ಮುಂದೆ ಅವರಿಗೆ ಬೇಜಾರಾಗಬಹುದು ಅಂತ ಬಾಯಿ ಮುಚ್ಚಿಕೊಂಡು ನಿಂತೆ. ಎರಡು ದಿನದಿಂದ ಅದೇ ಕೊರೆಯುತ್ತಿದೆ. ಯಾಕೆಂದರೆ ನಮ್ಮ ದೊಡ್ಡಪ್ಪ ಇದೇ ಮಾರುತ್‌ಗೆ ರಿವೆಟ್, ಅಂದರೆ ತಗಡು ಸೇರಿಸುವ ಮೊಳೆ, ಹೊಡೆದವರು. ಹೊರಗಿನಿಂದ ಒಬ್ಬರು ರಿವೆಟ್ ಗನ್ ಒತ್ತಿದರೆ ಒಳಗಿನಿಂದ ಇನ್ನೊಬ್ಬರು ಕಬ್ಬಿಣದ ಗಟ್ಟಿ ಅದುಮಿ ಹಿಡಿಯಬೇಕು. ಸಣ್ಣ ಮೈಯವರು ಅಂತ ಯಾವಾಗಲೂ ದೊಡ್ಡಪ್ಪನನ್ನೇ ಒಳಗೆ ಕಳಿಸುತ್ತಿದ್ದರಂತೆ. ಆ ಸದ್ದಿಗೆ ಅವರ ಬಲಗಿವಿ ಮಂದವಾಯಿತು. ಅದು ಯಾವುದೋ ದೇಶದಿಂದ ಹಿಡಿದು ತಂದದ್ದು ಅಂತ ಒಂದು ಮಗು ನಂಬಿಕೊಂಡು ಹೋಯಿತು, ನಾನು ಅಲ್ಲೇ ನಿಂತಿದ್ದೆ.

ನಿನ್ನೆ ಸಂಜೆ ಮಾಡೆಲ್ಲನ್ನು ಶೂ ಡಬ್ಬಿಯಲ್ಲಿ ಹತ್ತಿ ಹಾಸಿ, ವಿಮಾನಪುರಕ್ಕೆ ದೊಡ್ಡಪ್ಪನ ಮನೆಗೆ ತೆಗೆದುಕೊಂಡು ಹೋದೆ. ಮ್ಯೂಸಿಯಂನ ವಿಷಯ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಕನ್ನಡಕ ಒರೆಸಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ಸುತ್ತ ತಿರುಗಿಸಿ ನೋಡಿದರು. ರೆಕ್ಕೆಯ ಬುಡದಲ್ಲಿ ಉಗುರು ಇಟ್ಟು, "ಇಲ್ಲಿ ಇನ್ನೊಂದು ಸಾಲು ರಿವೆಟ್ ಬರತ್ತೆ ಕಣೋ, ಬಿಟ್ಟಿದ್ದೀಯ" ಅಂದರು. ಆಮೇಲೆ ಎಂಜಿನ್‌ಗೆ ಗಾಳಿ ಹೋಗುವ ಪಕ್ಕದ ಬಾಯಿಯೊಳಗೆ ಒಂದು ಕಣ್ಣಿಟ್ಟು ಬಹಳ ಹೊತ್ತು ನೋಡುತ್ತಲೇ ಇದ್ದರು.

"ಚಕ್ರ ಅಂಟಿಸುವಾಗ ಕರಿ" ಅಂದರು. ಓಡುವ ಚಕ್ರ ಅಲ್ಲ, ವಾಯುಪಡೆಯ ಗುರುತಿನ ಚಕ್ರ: ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಬರುವ ಭಾನುವಾರ ಅವರ ಊಟದ ಮೇಜಿನ ಮೇಲೇ ಅಂಟಿಸುತ್ತೇವೆ. ಅಷ್ಟರೊಳಗೆ ಆ ಬಿಟ್ಟುಹೋದ ಸಾಲು ಮುಗಿಸಬೇಕು.