ಕೀಬೋರ್ಡ್ ತಂದವನು ನಾನೇ

ಹೋದ ವಾರ ಹುಮನಾಬಾದ್ ಕಡೆಯ ನಮ್ಮ ಹಳ್ಳಿಗೆ ಒಂದು ಮಣ್ಣಿಗೆ ಹೋಗಿದ್ದೆ. ತೀರಿಕೊಂಡವರು ದೂರದ ಕಾಕಾ. ಮಧ್ಯಾಹ್ನ ಒಂದು ಗಂಟೆ. ನಮ್ಮ ಬೀದರ್ ಜಿಲ್ಲೆಯ ಬಿಸಿಲು ಗೊತ್ತಲ್ಲ, ಚಪ್ಪಲಿ ಹಾಕಿಕೊಂಡಿದ್ದರೂ ಪಾದ ಸುಡುತ್ತಿತ್ತು. ಪಾಸ್ಟರ್ ಪ್ರಾರ್ಥನೆ ಮುಗಿಸಿ "ಒಂದು ಹಾಡು ಹಾಡ್ರಪ್ಪ" ಅಂದರು. ಚರ್ಚಿನಲ್ಲಿ ಹಾಡು ನಡೆಸುವ ವರ್ಷಿಪ್ ಟೀಮಿನ ಹುಡುಗರು ಐದಾರು ಜನ ಅಲ್ಲೇ ನಿಂತಿದ್ದರು. ಭಾನುವಾರ ಮೈಕ್ ಕೈಗೆ ಸಿಕ್ಕರೆ ಬಿಡದವರು. ಎಲ್ಲರೂ ಜೇಬಿನಿಂದ ಮೊಬೈಲ್ ತೆಗೆದರು. ಬಿಸಿಲಿಗೆ ಸ್ಕ್ರೀನ್ ಕಾಣಲಿಲ್ಲ. ಕೈ ಅಡ್ಡ ಹಿಡಿದರು, ಒಬ್ಬನಂತೂ ತಲೆ ಮೇಲೆ ಟವೆಲ್ ಹೊದ್ದುಕೊಂಡು ಅದರೊಳಗೆ ಹುಡುಕಿದ. ಪಲ್ಲವಿ ಹೇಗೋ ಬಂತು. ಚರಣಕ್ಕೆ ಬರುವಷ್ಟರಲ್ಲಿ ಒಬ್ಬೊಬ್ಬರದೂ ಒಂದೊಂದು ದಾರಿ. ಆಮೇಲೆ ಸುಮ್ಮನಾದರು. ಸಲಿಕೆ ಹಿಡಿದವರು ಅವರ ಮುಖ ನೋಡುತ್ತಾ ನಿಂತಿದ್ದರು.

ಆಗ ಹಿಂದೆ ಹೆಂಗಸರ ಗುಂಪಿನಲ್ಲಿ ನಮ್ಮ ಚಿಗವ್ವ ಎತ್ತಿಕೊಂಡಳು. ಎಪ್ಪತ್ತು ದಾಟಿದ ಹೆಣ್ಣುಮಗಳು. ಪುಸ್ತಕ ಇಲ್ಲ, ಮೊಬೈಲ್ ಇಲ್ಲ. ಒಂದು ಸಾಲು ಅವಳು ಹೇಳಿದರೆ ಉಳಿದವರು ಅದನ್ನೇ ಹಿಂದಿರುಗಿ ಹೇಳುತ್ತಾ ಹೋದರು. ಮಣ್ಣು ಮುಚ್ಚಿ ಮುಗಿಯುವವರೆಗೂ ಹಾಡು ನಿಲ್ಲಲಿಲ್ಲ.

ಆ ಹುಡುಗರನ್ನು ಬೈಯೋಣ ಅಂದರೆ ನನಗೆ ಬಾಯಿಲ್ಲ. ಯಾಕಂದರೆ ಆ ಊರಿನ ಚರ್ಚ್ ಸಭೆಗೆ ಕೀಬೋರ್ಡ್ ಬೇಕು ಅಂತ ಹಠ ಹಿಡಿದವನು ನಾನೇ. ಹದಿನೈದು ವರ್ಷದ ಹಿಂದಿನ ಮಾತು. ಮನೆಮನೆ ತಿರುಗಿ ಪಟ್ಟಿ ಎತ್ತಿದೆ. ಹೈದರಾಬಾದಿಗೆ ಹೋಗಿ, ಬರುವಾಗ ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆ ಮೇಲೆ ಇಟ್ಟುಕೊಂಡು ತಂದೆ. ಅದು ಬಂದ ತಿಂಗಳಲ್ಲೇ ಹಳೇ ಹಾರ್ಮೋನಿಯಂ, ತಬಲಾ, ಕೈಯಲ್ಲಿ ಹಿಡಿದು ಬಡಿಯುವ ಎರಡು ದಮ್ಮಡಿ ಎಲ್ಲವೂ ಹಿಂದಿನ ಕೋಣೆ ಸೇರಿದವು, ಕ್ರಿಸ್ಮಸ್ ನಕ್ಷತ್ರ ಮತ್ತು ಮುರಿದ ಕುರ್ಚಿಗಳ ಜೊತೆ. ಹಾರ್ಮೋನಿಯಂ ತಿದಿಯನ್ನು ಇಲಿ ತಿಂದಿದ್ದು ಆಮೇಲೆ ಗೊತ್ತಾಯಿತು. ಆಗ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ, ನಾನಂತೂ ಇಲ್ಲವೇ ಇಲ್ಲ.

ನಮ್ಮ ಆಯಿಗೆ, ಅಂದರೆ ಅಜ್ಜಿಗೆ, ಒಂದಕ್ಷರ ಓದಲು ಬರುತ್ತಿರಲಿಲ್ಲ. ಆದರೆ ಬೈಬಲಿನ ತಪ್ಪಿಹೋದ ಮಗನ ಕಥೆ ಪೂರ್ತಿ ಬರುತ್ತಿತ್ತು. ಯೋನ ಮೀನಿನ ಹೊಟ್ಟೆಯಲ್ಲಿ ಮೂರು ದಿನ ಇದ್ದದ್ದು, ಸಮಾರ್ಯದ ಹೆಣ್ಣುಮಗಳು ಬಾವಿ ಕಟ್ಟೆಯಲ್ಲಿ ಮಾತಾಡಿದ್ದು, ಎಲ್ಲ ಬರುತ್ತಿತ್ತು. ಎಲ್ಲಾ ಹಾಡಿನಲ್ಲೇ. ತಪ್ಪಿಹೋದ ಮಗ ಹಂದಿ ಕಾಯುತ್ತಾ ಹಸಿವಿಗೆ ಅವುಗಳ ಮೇವನ್ನೇ ಆಸೆಪಟ್ಟ ಅಂತ ಲೂಕ ಬರೆದಿದ್ದಾನಲ್ಲ, ಅದು ಆಯಿಯ ಹಾಡಿನಲ್ಲಿ ಜೋಳದ ತೌಡು ಆಗಿತ್ತು. ಆ ಸಾಲು ಬಂದಾಗ ಅವಳ ದನಿ ಸಣ್ಣಗಾಗುತ್ತಿತ್ತು. ಬರಗಾಲದಲ್ಲಿ ತೌಡು ತಿಂದವಳು ಅವಳು. ಯಾವ ಪಾಸ್ಟರ್ ಮಾಡಿದ ಪ್ರಸಂಗವೂ ನನಗೆ ಆ ಕಥೆಯನ್ನು ಅಷ್ಟು ಚೆನ್ನಾಗಿ ತಿಳಿಸಿಲ್ಲ, ಅರ್ಧ ಪ್ರಸಂಗಗಳಲ್ಲಿ ನಿದ್ದೆ ಮಾಡಿದ್ದೂ ಇದೆ ಬಿಡಿ.

ಓದು ಬರಹ ಇಲ್ಲದ ಸಭೆಗೆ ಹಾಡೇ ಬೈಬಲ್. ಹಾಡು ಬಾಯಿಪಾಠ ಆಗಿದ್ದರೆ ಹೊಲಕ್ಕೂ ಬರುತ್ತದೆ, ಆಸ್ಪತ್ರೆಗೂ ಬರುತ್ತದೆ, ಮಣ್ಣಿಗೂ ಬರುತ್ತದೆ. ಯೇಸುಸ್ವಾಮಿ ಕೂಡ ಕಡೆಯ ಊಟ ಮುಗಿಸಿ, ಕೀರ್ತನೆ ಹಾಡಿ ಎಣ್ಣೇಮರಗಳ ಗುಡ್ಡಕ್ಕೆ ಹೋದರು ಅಂತ ಮತ್ತಾಯ 26ರಲ್ಲಿದೆ. ಯೇಸುವಿನ ಸುವಾರ್ತೆ ಸಾರಿದ ಪೌಲ, ಸೀಲ ಜೈಲಿನಲ್ಲಿ ಕಾಲಿಗೆ ಕೋಳ ಹಾಕಿಸಿಕೊಂಡು ಮಧ್ಯರಾತ್ರಿ ಹಾಡಿದರು. ಅಲ್ಲಿ ಪ್ರೊಜೆಕ್ಟರ್ ಯಾರು ಇಟ್ಟಿದ್ದರು?

ನಮ್ಮ ಕಡೆ ಮೆಥೋಡಿಸ್ಟರು ಜಾಸ್ತಿ, ವೆಸ್ಲಿ ಅಣ್ಣತಮ್ಮಂದಿರಿಂದ ಶುರುವಾದ ಪ್ರೊಟೆಸ್ಟಂಟ್ ಪಂಗಡ ಅದು. ಮೆಥೋಡಿಸ್ಟ್ ಅಂದಮೇಲೆ ಹಾಡು ರಕ್ತದಲ್ಲೇ ಇರಬೇಕು. ಚಾರ್ಲ್ಸ್ ವೆಸ್ಲಿ ಒಬ್ಬರೇ 6,000ಕ್ಕೂ ಹೆಚ್ಚು ಹಾಡು ಬರೆದವರು. ಅವರ ಅಣ್ಣ ಜಾನ್ ವೆಸ್ಲಿ 1761ರಲ್ಲಿ ಹೇಗೆ ಹಾಡಬೇಕು ಅಂತ ಏಳು ನಿಯಮ ಅಚ್ಚು ಹಾಕಿಸಿದರು. ಎಲ್ಲರೂ ಹಾಡಬೇಕು, ದಣಿದಿದ್ದೇನೆ ಅಂತ ನೆಪ ಹೇಳಬಾರದು. ಪಕ್ಕದವರ ದನಿ ಮುಚ್ಚಿಹೋಗುವ ಹಾಗೆ ಅರಚಬಾರದು. ಎಳೆದು ಎಳೆದು ಹಾಡಬಾರದು, ಅದು ಸೋಮಾರಿಗಳ ಲಕ್ಷಣ. (ಈ ಕಡೆಯದನ್ನು ನಮ್ಮ ಆಯಂದಿರು ಒಂದು ದಿನವೂ ಪಾಲಿಸಿಲ್ಲ. ಅಚ್ಚಾದ ಹಾಗೇ ಹಾಡಿ, ಒಂದು ಸ್ವರ ಬದಲಿಸಬೇಡಿ ಅಂತಲೂ ಇದೆ. ಅದನ್ನು ಬೀದರ್ ಜಿಲ್ಲೆಯಲ್ಲಿ ಯಾರ ಮುಂದೆಯೂ ಹೇಳಬೇಡಿ.) ಆದರೆ ಆ ಅರಚುವ ಮಾತು ಇವತ್ತು ನಮಗೇ ಬರೆದ ಹಾಗಿದೆ. ನಲವತ್ತು ಜನರ ಸಭೆಗೆ ಮದುವೆ ಮೆರವಣಿಗೆಯ ಸೌಂಡ್ ಬಾಕ್ಸ್. ಪಕ್ಕದಲ್ಲಿ ಕೂತವರು ಹಾಡುತ್ತಿದ್ದಾರಾ, ಸುಮ್ನೆ ತುಟಿ ಆಡಿಸುತ್ತಿದ್ದಾರಾ ಅಂತ ತಿಳಿಯೋದೇ ಇಲ್ಲ. ಎಷ್ಟೋ ಜನ ತುಟಿಯನ್ನೂ ಆಡಿಸುವುದಿಲ್ಲ. ಅವರಿಗೂ ಗೊತ್ತು, ತಾವು ಹಾಡಿದರೂ ಬಿಟ್ಟರೂ ರೆಕಾರ್ಡ್ ಮಾಡಿದ ಟ್ರ್ಯಾಕ್ ನಡೆಯುತ್ತದೆ.

ಇನ್ನೊಂದು ಮಾತು ಹೇಳಬೇಕು, ಕೆಲವರಿಗೆ ಸಿಟ್ಟು ಬರಬಹುದು. ದಮ್ಮಡಿ ಮೂಲೆಗೆ ಹೋದದ್ದು ಬರೀ ಕೀಬೋರ್ಡಿನಿಂದ ಅಲ್ಲ. ನಮಗೆ ನಾಚಿಕೆ ಇತ್ತು. ನಮ್ಮ ಮುತ್ತಜ್ಜ ಊರಿನವರ ಸಾವಿಗೆ, ಜಾತ್ರೆಗೆ ಹಲಗೆ ಬಾರಿಸುತ್ತಿದ್ದವನು. ಬಾರಿಸು ಅಂದಾಗ ಬಾರಿಸಬೇಕು, ಕೊಟ್ಟಷ್ಟು ಇಸಿದುಕೊಳ್ಳಬೇಕು. ಸಭೆಗೆ ಸೇರಿದ ಮೇಲೆ ಅವನು ಹಲಗೆ ಮುಟ್ಟಲಿಲ್ಲವಂತೆ. ಅದು ನನಗೆ ಅರ್ಥವಾಗುತ್ತದೆ. ಆದರೆ ಅದೇ ಕೈ ದಮ್ಮಡಿ ಹಿಡಿಯಿತು, ತನ್ನ ದೇವರಿಗೆ, ತನ್ನ ಇಷ್ಟದಿಂದ. ಅದನ್ನು ನಾವು, ನಾಲ್ಕು ಪುಸ್ತಕ ಓದಿದ ಮೊಮ್ಮಕ್ಕಳು, ಹಳ್ಳಿ ವಾದ್ಯ ಅಂತ ಕೆಳಗಿಟ್ಟೆವು. ಕನ್ನಡ ಬೈಬಲ್ ತೆಗೆದು ನೋಡಿ. ಕೆಂಪು ಸಮುದ್ರ ದಾಟಿದ ಮೇಲೆ ಮೋಶೆಯ ಅಕ್ಕ ಮಿರ್ಯಾಮಳ ಕೈಯಲ್ಲಿ ಇರೋದು ದಮ್ಮಡಿ. ದಾವೀದನ ಕೈಯಲ್ಲಿ ಇರೋದು ಕಿನ್ನರಿ. ಕಿನ್ನರಿ ಅಂದರೆ ನಮಗೇನು ಹೊಸದಾ? ನಮ್ಮ ಕಲ್ಯಾಣದ ಶರಣರಲ್ಲೇ ಕಿನ್ನರಿ ಬೊಮ್ಮಯ್ಯ ಇದ್ದರು.

ಇತ್ತೀಚೆಗೆ ಕೆಲವು ಎಳೆಯ ಪಾಸ್ಟರುಗಳು ಈ ಭಜನೆ ಧಾಟಿ, ತತ್ವಪದದ ಧಾಟಿ ಬೇಡ, ಅದು ಬೇರೆಯವರದು ಅಂತಾರೆ. ಹಾಗಾದರೆ ಯಾವುದು ನಮ್ಮದು? ಹಾರ್ಮೋನಿಯಂ ಯುರೋಪಿನಿಂದ ಬಂದದ್ದು. ಅದು ವಿದೇಶಿ ಅಂತ ಆಕಾಶವಾಣಿಯವರು 1940ರಿಂದ 1971ರವರೆಗೆ ದೂರ ಇಟ್ಟಿದ್ದರು, ಇವತ್ತು ಅದಿಲ್ಲದೆ ಯಾವ ಮಠದ ಭಜನೆಯೂ ಇಲ್ಲ. ನಿಘಂಟಿನ ಕಿಟೆಲ್ ಜರ್ಮನಿಯಿಂದ ಬಂದವರು, ಅವರೇ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಬರೆದು 1862ರಲ್ಲಿ 'ಕಥಾಮಾಲೆ' ತಂದರು. ತೆಲಂಗಾಣದ ವಿಕಾರಾಬಾದ್ ಹತ್ತಿರದ ಧಾರೂರಿನ ಮೆಥೋಡಿಸ್ಟ್ ಜಾತ್ರೆಗೆ ಹೋದವರಿಗೆ ಗೊತ್ತು, ರಾತ್ರಿಯೆಲ್ಲ ತೆಲುಗು, ಕನ್ನಡ ಎರಡೂ ಕೇಳುತ್ತವೆ, ಯಾರ ಧಾಟಿ ಯಾರದು ಅಂತ ಯಾರೂ ಲೆಕ್ಕ ಇಡೋದಿಲ್ಲ.

ಕೀಬೋರ್ಡ್ ಬೇಡ ಅಂತ ನಾನು ಹೇಳುತ್ತಿಲ್ಲ. ಹೊಸ ಹಾಡುಗಳಲ್ಲಿ ಒಳ್ಳೆಯವೂ ಇವೆ, ನನ್ನ ಮಗಳು ಹಾಡಿದರೆ ಕಣ್ಣಲ್ಲಿ ನೀರು ಬರುತ್ತದೆ. ಆದರೆ ಎಷ್ಟೋ ಹಾಡುಗಳಲ್ಲಿ ನಾನು, ನನ್ನ, ನನಗೆ ಬಿಟ್ಟರೆ ಬೇರೇನೂ ಇಲ್ಲ, ಒಂದು ಕಥೆ ಇಲ್ಲ, ಯೋನ ಇಲ್ಲ, ಬಾವಿ ಕಟ್ಟೆ ಇಲ್ಲ. ಬೈಬಲಿನ ಆಮೋಸನ ಪುಸ್ತಕದಲ್ಲಿ ದೇವರೇ ನಿಮ್ಮ ಹಾಡಿನ ಗದ್ದಲ ತೆಗೆಯಿರಿ, ನ್ಯಾಯ ಹೊಳೆಯ ಹಾಗೆ ಹರಿಯಲಿ ಅಂತಾನೆ. ಆ ಮಾತನ್ನು ಸೌಂಡ್ ಬಾಕ್ಸ್ ಹಿಂದಿನ ಗೋಡೆಗೆ ಬರೆಸಬೇಕು ಅನ್ನಿಸುತ್ತದೆ ಒಮ್ಮೊಮ್ಮೆ.

ಮಣ್ಣಿನ ಮರುದಿನ ಊರಲ್ಲೇ ಉಳಿದು ಚಿಗವ್ವನ ಹಾಡುಗಳನ್ನು ರೆಕಾರ್ಡ್ ಮಾಡಲು ಕೂತೆ. ಮೊಬೈಲ್ ಮುಂದೆ ಇಟ್ಟರೆ ಅವಳಿಗೆ ಒಂದು ಸಾಲೂ ನೆನಪಾಗಲಿಲ್ಲ. "ಸುಮ್ನ ಕುಂತು ಹ್ಯಾಂಗ ಹಾಡ್ಲೋ, ಕೈಯಾಗ ಕೆಲಸ ಇರ್ಬೇಕು" ಅಂತ ಎದ್ದು ಹೋಗಿ ಮೊರದಲ್ಲಿ ತೊಗರಿಬೇಳೆ ತಂದಳು. ಕಲ್ಲು ಆರಿಸುತ್ತಾ ಹನ್ನೊಂದು ಹಾಡು ಹಾಡಿದಳು. ರೆಕಾರ್ಡಿಂಗ್ ತುಂಬ ಬೇಳೆ ಕೇರುವ ಸದ್ದು. ಸಂಜೆ ಆ ಟವೆಲ್ ಹೊದ್ದುಕೊಂಡ ಹುಡುಗ ತಾನಾಗೇ ಕೀಬೋರ್ಡ್ ಹೊತ್ತುಕೊಂಡು ಬಂದ. ಚಿಗವ್ವನ ಶ್ರುತಿ ಹಿಡಿಯಲು ಅರ್ಧ ಗಂಟೆ ಒದ್ದಾಡಿದ. ಅದು ಎರಡು ಸ್ವರಗಳ ನಡುವೆ ಎಲ್ಲೋ ಇತ್ತು, ಯಾವ ಕೀ ಒತ್ತಿದರೂ ಕೂಡುತ್ತಿರಲಿಲ್ಲ.

"ಆಯಿ, ಸ್ವಲ್ಪ ಮ್ಯಾಲ ಹಾಡ್ರಿ" ಅಂದ.

"ನನ್ನ ದನಿ ಇದ್ದಲ್ಲೇ ಅದ. ನೀ ನಿನ್ನ ಪೆಟಗಿ ಕೆಳಗ ಇಳಸು" ಅಂದಳು ಚಿಗವ್ವ, ಮೊರದಿಂದ ತಲೆ ಎತ್ತದೆ.

ಹುಡುಗ ಅದರಲ್ಲಿ ಶ್ರುತಿ ಇಳಿಸುವ ಬಟನ್ ಎಲ್ಲಿದೆ ಅಂತ ಹುಡುಕತೊಡಗಿದ. ತಂದವನು ನಾನೇ ಆದರೂ ನನಗೂ ಗೊತ್ತಿರಲಿಲ್ಲ.