ಚಟ್ ಅಂದರೆ ಸೊಳ್ಳೆ ಸತ್ತ ಹಾಗೆ!

ಅಂಗಳದಲ್ಲಿ ಹುಳು ಸುಡುವ ನೇರಳೆ ದೀಪ ತೂಗುಹಾಕಿ, ಪ್ರತಿ 'ಚಟ್' ಸದ್ದಿಗೂ ಒಂದೊಂದು ಸೊಳ್ಳೆ ಎಂದು ಲೆಕ್ಕ ಹಾಕುತ್ತ ಕಾಲು ಕೆರೆದುಕೊಳ್ಳುವುದು ವಿಶೇಷ ಬಗೆಯ ಸುಖ. ಚಟ್ ಮೇಲೆ, ತುರಿಕೆ ಕೆಳಗೆ.

ಯಂತ್ರದ್ದೇನೂ ತಪ್ಪಿಲ್ಲ. ಒಳಗೊಂದು ನೇರಳಾತೀತ ಟ್ಯೂಬು, ಸುತ್ತ ತಂತಿಜಾಲರಿ, ತಂತಿಗಳ ನಡುವೆ ಕೆಲವೇ ಮಿಲಿಮೀಟರ್ ಸಂದು, ಅಲ್ಲಿ ಸುಮಾರು 2,000 ವೋಲ್ಟ್. ಬಂದವರನ್ನು ಸುಡುತ್ತದೆ. ಬರುವವರು ಯಾರು ಎಂಬುದಷ್ಟೇ ತಕರಾರು. ರಕ್ತ ಬೇಕಾದ ಹೆಣ್ಣು ಸೊಳ್ಳೆ ಹುಡುಕುವುದು ಉಸಿರಿನ ಇಂಗಾಲದ ಡೈಆಕ್ಸೈಡನ್ನು, ಮೈಬಿಸಿಯನ್ನು, ಬೆವರಿನ ವಾಸನೆಯನ್ನು. ಟ್ಯೂಬು ಉಸಿರಾಡುವುದಿಲ್ಲ, ಬೆವರುವುದಿಲ್ಲ. ಅದರ ಕೆಳಗೇ ಕುರ್ಚಿ ಹಾಕಿ ಕೂತ ಯಜಮಾನರು ಎರಡನ್ನೂ ಧಾರಾಳವಾಗಿ ಮಾಡುತ್ತಾರೆ.

ಅಮೆರಿಕದ ಡೆಲವೇರ್‌ನಲ್ಲಿ ಯಾರೋ ತಾಳ್ಮೆಯಿಂದ ಇಂಥ ಆರು ದೀಪಗಳ ಹೆಣ ಎಣಿಸಿದರು. 1996ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಸತ್ತ ಕೀಟಗಳು 13,789. ಕಚ್ಚುವಂಥವು, ಸೊಳ್ಳೆ ನೊರಜು ಎಲ್ಲ ಸೇರಿ, 31! ಹೆಚ್ಚುಕಡಿಮೆ ಅರ್ಧದಷ್ಟು, ಯಾರನ್ನೂ ಕಚ್ಚದೆ ಮೀನು-ಹಕ್ಕಿಗಳ ಹೊಟ್ಟೆ ತುಂಬಿಸುವ ಜಲಕೀಟಗಳು. ಪೀಡೆಕೀಟಗಳನ್ನು ಬೇಟೆಯಾಡುವ, ಅವುಗಳ ಮೇಲೇ ಬೆಳೆಯುವ 1,868 ಮಂದಿ ನಮ್ಮ ಕಡೆಯವರೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇಲ್ಲಿ ಬರೆಗೆ ಕರೆಂಟು ಬಿಲ್ಲೂ ಉಂಟು. ಡೆಂಗಿ ಹರಡುವ ಈಡಿಸ್ ಸೊಳ್ಳೆಯಂತೂ ಹೆಚ್ಚಾಗಿ ಹಗಲು ಕಚ್ಚಿ, ದೀಪ ಹಚ್ಚುವ ಹೊತ್ತಿಗೆ ಪಾಳಿ ಮುಗಿಸಿರುತ್ತದೆ.

ಇನ್ನು, ಊಟದ ಮೇಜಿನ ಮೇಲೆ ನೇತುಹಾಕುವ ಪ್ರತಿಭೆ. ಜಾಲರಿಗೆ ಬಡಿದ ಕೀಟ ಸಿಡಿದು, ಮೈಮೇಲಿದ್ದ ರೋಗಾಣುಗಳ ಸಮೇತ ಸುತ್ತ ಚೆಲ್ಲುತ್ತದೆ. ಹಾಕಲೇಬೇಕಿದ್ದರೆ ಕೂರುವ ಜಾಗದಿಂದ ಐದಾರು ಮೀಟರ್ ಆಚೆ ಹಾಕಿ. ಹತ್ತಿರವಿದ್ದರೆ ಬೇರೆ ಕಡೆ ಹೊರಟ ಹುಳುಗಳಿಗೂ ಅದು ನಿಮ್ಮ ವಿಳಾಸ ಕೊಡುತ್ತದೆ. ಹೆಣ ಸಿಕ್ಕಿಕೊಂಡು ಜಾಲರಿ ಎಡೆಬಿಡದೆ ಚಟಗುಟ್ಟಿ ಕಮಟು ವಾಸನೆ ಬಂದರೆ ಪ್ಲಗ್ ಕಿತ್ತು, ಉಳಿದ ಚಾರ್ಜ್ ಇಳಿಯಲು ಕೆಲವು ನಿಮಿಷ ಬಿಟ್ಟು, ಒಣ ಬ್ರಷ್‌ನಿಂದ ಉಜ್ಜಬೇಕು. ಟ್ಯೂಬು ವರ್ಷವಾದ ಮೇಲೂ ನೀಲಿಯಾಗಿ ಮಿನುಗುತ್ತದೆ, ಆದರೆ ನೇರಳಾತೀತ ಕಿರಣ ಅಷ್ಟರಲ್ಲಿ ಸಾಕಷ್ಟು ಸೊರಗಿರುತ್ತದೆ. ಪತಂಗಗಳ ಮಟ್ಟಿಗೆ ಇದು ಒಳ್ಳೆಯ ಸುದ್ದಿ.

ಸೊಳ್ಳೆಯ ಹಾರಾಟ ತೀರಾ ದುರ್ಬಲ, ಕಾಲಬುಡಕ್ಕೆ ಗಾಳಿ ಬೀಸುವ ಒಂದು ಟೇಬಲ್ ಫ್ಯಾನೇ ಅದಕ್ಕೆ ಬಿರುಗಾಳಿ. ಮೊಟ್ಟೆಯಿಂದ ರೆಕ್ಕೆ ಬರಲು ಅದಕ್ಕೆ ಬೆಚ್ಚಗಿನ ದಿನಗಳಲ್ಲಿ ಏಳರಿಂದ ಹತ್ತು ದಿನ ಬೇಕು. ವಾರಕ್ಕೊಮ್ಮೆ ಹೂಕುಂಡದ ತಟ್ಟೆ, ಹಳೇ ಟೈರು, ಬಕೆಟ್ಟುಗಳ ನೀರು ಚೆಲ್ಲಿದರೆ ಹುಟ್ಟಬೇಕಾದ ಸಂಸಾರವೇ ಒಣಗುತ್ತದೆ. ಆದರೆ ಅದಕ್ಕೆ ಗಿರಾಕಿಗಳಿಲ್ಲ. ಒಂದಾದರೂ ಚಟ್ ಅನ್ನಬೇಕಲ್ಲ!